ನಿಮಗಿದು ಗೊತ್ತೇ? ಪಾದ್ರಿಯಿಲ್ಲದೆ, ಚರ್ಚಿಲ್ಲದೆ ಏಳು ತಲೆಮಾರು

ಜಪಾನಿನ ನೈಋತ್ಯ ಮೂಲೆಯಲ್ಲಿ ಕ್ಯೂಶೂ ದ್ವೀಪವಿದೆ. ಅಲ್ಲಿನ ನಾಗಸಾಕಿ, ಅಮಾಕುಸಾ ಸುತ್ತಿನ ಮೀನುಗಾರರು, ರೈತರು 1614ರಿಂದ 1873ರವರೆಗೆ ಕ್ಯಾಥೋಲಿಕ್ ನಂಬಿಕೆಯನ್ನು ಗುಟ್ಟಾಗಿ ಉಳಿಸಿಕೊಂಡರು. ಸಿಕ್ಕಿಬಿದ್ದರೆ ಸಾವು. ಕೊನೆಯ ಪಾದ್ರಿ ಹತರಾದ ಮೇಲೆ ಕಲಿಸಲು ಗುರುಗಳಿಲ್ಲ, ಓದಲು ಬೈಬಲ್ ಇಲ್ಲ, ಕೂಡಿ ಕೂರಲು ಜಾಗವಿಲ್ಲ. ಅವರ ಕೈಲಿದ್ದದ್ದು ಹೆಚ್ಚಾಗಿ ಬಾಯಿಪಾಠದ ಪ್ರಾರ್ಥನೆ ಮತ್ತು ಅಜ್ಜ ಅಜ್ಜಿಯರು ಹೇಳಿದ ಕಥೆಗಳು. ಓದುಬರಹ ಬಲ್ಲವರಷ್ಟೇ ಧರ್ಮವನ್ನೂ ಚರಿತ್ರೆಯನ್ನೂ ಕಾಪಾಡುತ್ತಾರೆ ಎಂದುಕೊಂಡವರು ಈ ಸಂಗತಿಗಳನ್ನು ಓದಲೇಬೇಕು.

ಗೋವಾ ದಾರಿಯಿಂದ ಬಂದ ಧರ್ಮ

● ಜಪಾನಿಗೆ ಕ್ರೈಸ್ತಧರ್ಮ ಹೋದದ್ದು ನಮ್ಮ ಪಕ್ಕದ ಗೋವಾದ ಮೂಲಕ. ಹಳೇ ಗೋವಾದ ಬಾಮ್ ಜೀಸಸ್ ಬೆಸಿಲಿಕಾದಲ್ಲಿ ಯಾರ ಪಾರ್ಥಿವ ಶರೀರವಿದೆಯೋ ಅದೇ ಸಂತ ಫ್ರಾನ್ಸಿಸ್ ಝೇವಿಯರ್ 1549ರ ಆಗಸ್ಟ್ 15ರಂದು ಕಾಗೋಶಿಮಾದಲ್ಲಿ ಇಳಿದರು. ಅವರಿಗೆ ದಾರಿ ತೋರಿಸಿದವನು ಅಂಜಿರೋ ಎಂಬ ಜಪಾನೀಯ. ಕೊಲೆಯೊಂದರ ಆರೋಪ ಹೊತ್ತು ಊರು ಬಿಟ್ಟಿದ್ದ ಅವನು 1548ರಲ್ಲಿ ಗೋವಾದಲ್ಲಿ ಜ್ಞಾನಸ್ನಾನ ಪಡೆದಿದ್ದ.

● ನಾಗಸಾಕಿ ನಗರವೇ ಒಂದು ಕಾಲಕ್ಕೆ ಜೆಸುಯಿಟ್ ಪಾದ್ರಿಗಳ ಕೈಯಲ್ಲಿತ್ತು. 1563ರಲ್ಲಿ ಜ್ಞಾನಸ್ನಾನ ಪಡೆದ ಪಾಳೆಯಗಾರ ಒಮುರಾ ಸುಮಿತಾದಾ 1571ರಲ್ಲಿ ಈ ಬಂದರನ್ನು ಪೋರ್ಚುಗೀಸ್ ಹಡಗುಗಳಿಗೆ ತೆರೆದ. 1580ರಲ್ಲಿ ಅದನ್ನು ಪಾದ್ರಿಗಳಿಗೇ ಬಿಟ್ಟುಕೊಟ್ಟ. ಅವನ ಸೀಮೆಯಲ್ಲಿ ಬೌದ್ಧ ದೇಗುಲಗಳನ್ನೂ ಶಿಂತೋ ಗುಡಿಗಳನ್ನೂ ಕೆಡವಿದ್ದರು. ಆ ಅನ್ಯಾಯವನ್ನು ಮರೆತು ಮುಂದಿನ ಅನ್ಯಾಯದ ಮಾತಾಡುವುದು ಸರಿಯಲ್ಲ. ಪರದೇಶದ ಹಡಗಿನ ಬೆನ್ನಿಗೆ ಪರದೇಶದ ಸೈನ್ಯವೂ ಬಂದೀತು ಎಂಬ ಭಯ ಜಪಾನಿನ ದೊರೆಗಳನ್ನು ಕಾಡತೊಡಗಿತು.

● 1582ರಲ್ಲಿ ನಾಲ್ವರು ಜಪಾನಿ ಹುಡುಗರು ರೋಮ್‌ಗೆ ರಾಯಭಾರಿಗಳಾಗಿ ಹೊರಟರು. ಮರಳುವ ದಾರಿಯಲ್ಲಿ, 1587ರಲ್ಲಿ, ಅವರಲ್ಲೊಬ್ಬನಾದ ಹಾರಾ ಮಾರ್ತಿನೋ ಗೋವಾದಲ್ಲಿ ಲ್ಯಾಟಿನ್ ಭಾಷಣ ಮಾಡಿದ. ಮರುವರ್ಷ ಅದು ಗೋವಾದಲ್ಲೇ ಅಚ್ಚಾಯಿತು. 1590ರಲ್ಲಿ ಊರು ಸೇರಿದಾಗ ಅವರೊಂದಿಗೆ ಒಂದು ಮುದ್ರಣಯಂತ್ರವೂ ಇತ್ತು. ಆದರೆ ಅವರು ದೂರದಲ್ಲಿದ್ದಾಗಲೇ, 1587ರಲ್ಲಿ, ದೇಶದ ಸರ್ವಾಧಿಕಾರಿ ಹಿದೆಯೋಶಿ ಪಾದ್ರಿಗಳಿಗೆ ಗಡೀಪಾರಿನ ಆಜ್ಞೆ ಹೊರಡಿಸಿಬಿಟ್ಟಿದ್ದ.

● ಭಾರತದಲ್ಲಿ ಹುಟ್ಟಿ ಸಂತ ಪದವಿ ಪಡೆದ ಮೊದಲಿಗರು ಪ್ರಾಣ ಬಿಟ್ಟದ್ದು ನಾಗಸಾಕಿಯಲ್ಲಿ! ಮುಂಬೈ ಬಳಿಯ ವಸಯಿಯಲ್ಲಿ ಪೋರ್ಚುಗೀಸ್ ತಂದೆ, ಭಾರತೀಯ ತಾಯಿಗೆ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ ಅವರನ್ನು 1597ರ ಫೆಬ್ರವರಿ 5ರಂದು ನಿಶಿಜಾಕಾ ಗುಡ್ಡದ ಮೇಲೆ ಶಿಲುಬೆಗೇರಿಸಿ ಈಟಿಯಿಂದ ತಿವಿದು ಕೊಂದರು. ಅಂದು ಸತ್ತವರು ಒಟ್ಟು 26 ಮಂದಿ, ಅವರಲ್ಲಿ 20 ಮಂದಿ ಜಪಾನೀಯರು. ಅತಿ ಕಿರಿಯವನಾದ ಲೂಯಿಸ್ ಇಬಾರಕಿಗೆ 12 ವರ್ಷ. ಕಿವಿ ಕತ್ತರಿಸಿ, ಕ್ಯೋಟೋ ಕಡೆಯಿಂದ ನಾಗಸಾಕಿವರೆಗೆ ಚಳಿಗಾಲದಲ್ಲಿ ನಡೆಸಿಕೊಂಡು ಬಂದಿದ್ದರು. 1862ರಲ್ಲಿ ಇವರೆಲ್ಲರೂ ಸಂತರೆಂದು ಘೋಷಿತರಾದರು.

● 1614ರಲ್ಲಿ, ಹಿದೆಯೋಶಿಯ ನಂತರ ಅಧಿಕಾರಕ್ಕೆ ಬಂದ ತೊಕುಗಾವಾ ಸರ್ಕಾರ ಇಡೀ ದೇಶದಲ್ಲಿ ಕ್ರೈಸ್ತಧರ್ಮವನ್ನು ನಿಷೇಧಿಸಿತು. ಆ ಹೊತ್ತಿಗೆ ಜಪಾನಿನಲ್ಲಿ ಸುಮಾರು 3 ಲಕ್ಷ ಕ್ರೈಸ್ತರಿದ್ದರೆಂದು ಇತಿಹಾಸಕಾರರ ಅಂದಾಜು.

ಸರ್ಕಾರದ ಕಣ್ಣು, ಕಾಲಡಿಯ ಬಿಂಬ

● ಪಾದ್ರಿಯನ್ನು ಹಿಡಿದುಕೊಟ್ಟವರಿಗೆ 500 ಬೆಳ್ಳಿ ನಾಣ್ಯ! ಊರಬಾಗಿಲಲ್ಲಿ, ಸೇತುವೆ ಬಳಿ, ಸಂತೆಮಾಳದಲ್ಲಿ ಹೀಗೆಂದು ಬರೆದ ಮರದ ಹಲಗೆಗಳನ್ನು ನೆಟ್ಟಿದ್ದರು. 1682ರ ಹಲಗೆಯಲ್ಲಿ ಪಾದ್ರಿಗೆ 500, ಸಹಾಯಕ ಬ್ರದರ್‌ಗೆ 300 ಎಂದು ದರಪಟ್ಟಿಯೇ ಇತ್ತು. ಇನಾಮಿನ ಹಲಗೆಗಳು ಎರಡು ಶತಮಾನ ಅಲ್ಲೇ ನಿಂತವು.

● ನಾಗಸಾಕಿಯಲ್ಲಿ ಹೊಸವರ್ಷ ಬಂತೆಂದರೆ ಪರೀಕ್ಷೆಯೂ ಬಂತು. ಯೇಸುಸ್ವಾಮಿಯ ಅಥವಾ ಮಾತೆ ಮರಿಯಮ್ಮನ ಚಿತ್ರವಿದ್ದ ಫಲಕವನ್ನು ಅಧಿಕಾರಿಗಳು ನೆಲಕ್ಕಿಡುತ್ತಿದ್ದರು. ಮನೆಮಂದಿಯೆಲ್ಲ ಸಾಲಾಗಿ ಬಂದು ಅದನ್ನು ತುಳಿಯಬೇಕು. ಹಾಸಿಗೆ ಹಿಡಿದವರ ಅಂಗಾಲಿಗೆ ಫಲಕವನ್ನೇ ತಾಗಿಸುತ್ತಿದ್ದರು. ಕಂಕುಳ ಕೂಸಿನ ಪಾದಕ್ಕೂ ವಿನಾಯಿತಿ ಇರಲಿಲ್ಲ. ಇದಕ್ಕೆ ಫುಮಿಎ ಎನ್ನುತ್ತಾರೆ. ಮೊದಲಿನ ಫಲಕಗಳು ತುಳಿದು ತುಳಿದು ಸವೆದದ್ದರಿಂದ 1669ರಲ್ಲಿ 20 ಹಿತ್ತಾಳೆ ಫಲಕಗಳನ್ನು ಹೊಸದಾಗಿ ಎರಕ ಹೊಯ್ಸಿದರು. ಅವುಗಳ ಮೇಲಿನ ಮುಖಗಳೂ ನುಣುಪಾಗಿ ಅಳಿಸಿಹೋಗಿವೆ.

● ತುಳಿದು ಮನೆಗೆ ಬಂದವರು ಏನು ಮಾಡುತ್ತಿದ್ದರು? ಕದ ಮುಚ್ಚಿ ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. ಪಾದ್ರಿ ಸಿಗದಿದ್ದಾಗ ಮನಃಪೂರ್ವಕ ಪಶ್ಚಾತ್ತಾಪದಿಂದಲೇ ಕ್ಷಮೆ ಸಿಗುತ್ತದೆ ಎಂದು ತಿಳಿಸುವ ಜಪಾನಿ ಕಿರುಹೊತ್ತಗೆಯೊಂದು 1603ರಲ್ಲಿ ಬಂದಿತ್ತು. ಅದನ್ನು ಕೈಯಲ್ಲಿ ನಕಲು ಮಾಡಿಕೊಂಡು ತಲೆಮಾರುಗಳ ಕಾಲ ಬಚ್ಚಿಟ್ಟರು. ತುಳಿದವರೆಲ್ಲ ನಂಬಿಕೆ ಬಿಟ್ಟವರಲ್ಲ. ಮಕ್ಕಳನ್ನು ಬದುಕಿಸಿಕೊಳ್ಳಲು ತುಳಿದು, ಅದರ ನೋವನ್ನು ವರ್ಷವಿಡೀ ಹೊತ್ತವರು ಅವರು. ಅವರನ್ನು ಹೇಡಿಗಳೆನ್ನಲು ನನಗೆ ಬಾಯಿ ಬಾರದು.

● ಈ ಪದ್ಧತಿಯ ಸುದ್ದಿ ಇಂಗ್ಲೆಂಡಿಗೂ ಮುಟ್ಟಿತ್ತು. 1726ರಲ್ಲಿ ಪ್ರಕಟವಾದ ಜೊನಾಥನ್ ಸ್ವಿಫ್ಟ್‌ನ ‘ಗಲಿವರ್ಸ್ ಟ್ರಾವೆಲ್ಸ್’ನಲ್ಲಿ ಗಲಿವರ್ ಜಪಾನಿಗೆ ಹೋದಾಗ, ಶಿಲುಬೆ ತುಳಿಯುವುದರಿಂದ ತನಗೆ ವಿನಾಯಿತಿ ಕೊಡಿ ಎಂದು ಅಲ್ಲಿನ ಚಕ್ರವರ್ತಿಯನ್ನು ಬೇಡಿಕೊಳ್ಳುತ್ತಾನೆ.

● ಪ್ರತಿ ಮನೆಯೂ ಒಂದು ಬೌದ್ಧ ದೇಗುಲದಲ್ಲಿ ಹೆಸರು ನೋಂದಾಯಿಸಲೇಬೇಕಿತ್ತು. ಹುಟ್ಟು, ಮದುವೆ, ಸಾವು ಎಲ್ಲಕ್ಕೂ ಆ ದೇಗುಲದ ಲೆಕ್ಕವೇ ಪ್ರಮಾಣ. ಇದರ ಮೇಲೆ ಐದೈದು ಮನೆಗಳಿಗೆ ಒಂದು ಗುಂಪು. ಒಂದು ಮನೆಯವರು ಕ್ರೈಸ್ತರೆಂದು ಸಿಕ್ಕಿಬಿದ್ದರೆ ಉಳಿದ ನಾಲ್ಕೂ ಮನೆಗಳಿಗೆ ಶಿಕ್ಷೆ. ಆದ್ದರಿಂದ ಗುಟ್ಟು ಉಳಿಯಬೇಕಾದರೆ ಒಬ್ಬರು ಬಾಯಿ ಮುಚ್ಚಿಕೊಂಡರೆ ಸಾಲದು, ಇಡೀ ಕೇರಿಯೇ ಮುಚ್ಚಿಕೊಳ್ಳಬೇಕಿತ್ತು.

● ರೋಮ್ ನೋಡಿ ಬಂದ ಆ ನಾಲ್ವರಲ್ಲಿ ಒಬ್ಬನಾದ ನಾಕಾಉರಾ ಜೂಲಿಯನ್ ಮುಂದೆ ಪಾದ್ರಿಯಾಗಿ, ತಲೆಮರೆಸಿಕೊಂಡು ಸೇವೆ ಮಾಡಿ, 1633ರಲ್ಲಿ ನಿಶಿಜಾಕಾದಲ್ಲಿ ಪ್ರಾಣ ಬಿಟ್ಟ. ಹೊಲಸು ತುಂಬಿದ ಗುಂಡಿಯೊಳಗೆ ತಲೆಕೆಳಗಾಗಿ ತೂಗುಹಾಕುವ ಶಿಕ್ಷೆ ಅದು. ಅವನ ಜೊತೆ ಅದೇ ಶಿಕ್ಷೆಗೆ ಗುರಿಯಾದ ಜೆಸುಯಿಟ್ ಮುಖ್ಯಸ್ಥ ಫೆರೇರಾ ತಾಳಲಾರದೆ ಧರ್ಮ ಬಿಟ್ಟ. ಶುಸಾಕು ಎಂಡೊ 1966ರಲ್ಲಿ ಬರೆದ ‘ಮೌನ’ ಕಾದಂಬರಿಯಲ್ಲಿ ಈ ಫೆರೇರಾ ಒಂದು ಮುಖ್ಯ ಪಾತ್ರ.

● 1637ರಲ್ಲಿ ಶಿಮಾಬಾರಾ, ಅಮಾಕುಸಾ ರೈತರು ದಂಗೆ ಎದ್ದರು. ತೆರಿಗೆಯ ಹಿಂಸೆ, ಧರ್ಮದ ಹಿಂಸೆ ಎರಡೂ ಸೇರಿ ಹೊತ್ತಿಸಿದ ಬೆಂಕಿ ಅದು. ಅವರ ನಾಯಕ ಹದಿಹರೆಯದ ಅಮಾಕುಸಾ ಶಿರೋ. ಅವನು ಕಡಲ ಮೇಲೆ ನಡೆದನಂತೆ. ಅವನ ಅಂಗೈ ಮೇಲೆ ಪಾರಿವಾಳ ಮೊಟ್ಟೆಯಿಟ್ಟು, ಒಡೆದರೆ ಒಳಗೆ ಧರ್ಮಗ್ರಂಥದ ಸುರುಳಿ ಇತ್ತಂತೆ. ಜನ ಹೀಗೆ ಹೇಳುತ್ತಾರೆ. ಹಾರಾ ಕೋಟೆಯೊಳಗೆ ಸೇರಿದ್ದ ಸುಮಾರು 37,000 ಮಂದಿಯನ್ನು 1638ರಲ್ಲಿ ಕೊಂದರು ಎಂಬುದು ಪರಂಪರೆಯ ಲೆಕ್ಕ. ಆ ಕೋಟೆಯ ಉತ್ಖನನದಲ್ಲಿ ಪುಟ್ಟ ಸೀಸದ ಶಿಲುಬೆಗಳು ಸಿಕ್ಕಿವೆ. ಬಂದೂಕಿನ ಗುಂಡುಗಳನ್ನೇ ಕರಗಿಸಿ ಮಾಡಿದವು!

● ಒಮುರಾ ಊರಿನಲ್ಲಿ ಒಂದೇ ಜನರಿಗೆ ಎರಡು ಸಮಾಧಿಗಳಿವೆ. 1657ರಲ್ಲಿ ಇಲ್ಲಿ 600ಕ್ಕೂ ಹೆಚ್ಚು ಗುಪ್ತ ಕ್ರೈಸ್ತರು ಸೆರೆಸಿಕ್ಕರು, 400ಕ್ಕೂ ಹೆಚ್ಚು ಮಂದಿಯ ತಲೆ ಕಡಿದರು. ಕ್ರೈಸ್ತರ ಮಾಟದಿಂದ ತಲೆ, ಮುಂಡ ಕೂಡಿಕೊಂಡು ಅವರು ಮತ್ತೆ ಎದ್ದು ಬಂದಾರೆಂಬ ಭಯದಿಂದ ತಲೆಗಳನ್ನು ಒಂದು ಕಡೆ, ಮುಂಡಗಳನ್ನು ದೂರ ಇನ್ನೊಂದು ಕಡೆ ಹೂತರಂತೆ. ಎರಡೂ ಗುರುತುಗಳು ಇಂದಿಗೂ ಇವೆ.

● ಕೊನೆಯ ಜಪಾನಿ ಪಾದ್ರಿ ಕೊನಿಶಿ ಮಾನ್ಸಿಯೋ 1644ರಲ್ಲಿ ಹತರಾದರು. 1708ರಲ್ಲಿ ಇಟಲಿಯ ಪಾದ್ರಿ ಸಿದೊತ್ತಿ ಒಬ್ಬಂಟಿಯಾಗಿ ಯಾಕುಶಿಮಾ ದ್ವೀಪದಲ್ಲಿ ಇಳಿದರು. ಕೂಡಲೇ ಸಿಕ್ಕಿಬಿದ್ದು 1714ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಟೋಕಿಯೋದ ಆ ಹಳೆಯ ಸೆರೆಮನೆ ಜಾಗದಲ್ಲಿ 2014ರಲ್ಲಿ ಅಗೆದಾಗ ಅವರ ಎಲುಬುಗಳು ಸಿಕ್ಕವು. ಹಳ್ಳಿಗಳ ಪಾಲಿಗಂತೂ ಎರಡು ಶತಮಾನಕ್ಕೂ ಮಿಕ್ಕಿ ಒಬ್ಬ ಪಾದ್ರಿಯೂ ಇರಲಿಲ್ಲ.

ದೇವರು ಅಡಗಿದ ಜಾಗಗಳು

● ನೋಡುವವರಿಗೆ ಅದು ಬೌದ್ಧರ ಕರುಣಾಮೂರ್ತಿ ಕಾನ್ನೊನ್. ಮನೆಯವರಿಗೆ ಮಾತೆ ಮರಿಯಮ್ಮ. ಚೀನಾದ ಫೂಜಿಯನ್ ಪ್ರಾಂತ್ಯದಲ್ಲಿ ತಯಾರಾದ ಬಿಳಿ ಪಿಂಗಾಣಿಯ ಈ ತಾಯಿ ಮಗುವಿನ ಗೊಂಬೆಗಳನ್ನು ಮುಂದಿಟ್ಟುಕೊಂಡು ನಾಗಸಾಕಿ ಬಳಿಯ ಉರಾಕಾಮಿ ಜನ ಪ್ರಾರ್ಥಿಸುತ್ತಿದ್ದರು. 1856ರಲ್ಲಿ ಜಪ್ತಿಯಾದ ಗೊಂಬೆಗಳು ಈಗ ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ.

● ನಾಗಸಾಕಿ ಸೀಮೆಯ ಇಕಿತ್ಸುಕಿ ದ್ವೀಪದವರ ದೇವರ ಕೋಣೆ ಎಂದರೆ ಹಾಸಿಗೆ ಬಟ್ಟೆ ಪೇರಿಸುವ ಹಿಂದಿನ ಕತ್ತಲೆ ಕೋಣೆ. ಮುಂದಿನ ನಡುಮನೆಯಲ್ಲಿ ಬುದ್ಧನ ಪೀಠ, ಶಿಂತೋ ಪೀಠ, ದೀಪ, ಹೂವು ಎಲ್ಲ ಯಥಾಪ್ರಕಾರ. ಹಿಂದಿನ ಕೋಣೆಯಲ್ಲಿ ಮಾತ್ರ ಸುರುಳಿ ಚಿತ್ರಪಟ. ಅದರಲ್ಲಿ ಮಾತೆ ಮರಿಯಮ್ಮ ಕಿಮೋನೊ ಉಟ್ಟು, ಮಗುವನ್ನು ಎದೆಗವಚಿಕೊಂಡು ಕೂತಿದ್ದಾಳೆ, ಮುಖ ಅಪ್ಪಟ ಊರ ಹೆಂಗಸಿನದು. ಸ್ನಾನಿಕ ಯೋಹಾನನೂ ಜುಟ್ಟು ಕಟ್ಟಿದ ಜಪಾನೀಯನೇ. ಪಟ ಹಳತಾದರೆ ಅದನ್ನು ನೋಡಿಕೊಂಡು ಊರಿನವರೇ ಹೊಸದನ್ನು ಬರೆಯುತ್ತಿದ್ದರು. ಬರೆದವರು ಯೂರೋಪನ್ನು ಕಂಡವರಲ್ಲ. ತಮಗೆ ಗೊತ್ತಿದ್ದ ತಾಯಿಯ ಮುಖವನ್ನೇ ಬರೆದರು. ನೈವೇದ್ಯಕ್ಕೆ ಸಾಕೆ ಮದ್ಯ ಮತ್ತು ಹಸಿ ಮೀನಿನ ಹೋಳು.

● ಅದೇ ದ್ವೀಪದಲ್ಲಿ 16 ಪುಟ್ಟ ಮರದ ಚೀಟಿಗಳ ಒಂದು ಚೀಲವಿರುತ್ತಿತ್ತು. ಜಪಸರ ಎಣಿಸುವಾಗ ಧ್ಯಾನಿಸುವ 15 ರಹಸ್ಯಗಳಿಗೆ ಒಂದೊಂದು, ಮೇಲೊಂದು. ಕೂಡಿದವರು ಒಬ್ಬೊಬ್ಬರಾಗಿ ಚೀಟಿ ಎತ್ತಿ ತಮ್ಮ ಪಾಲಿನ ಭಾಗ್ಯ ನೋಡಿಕೊಳ್ಳುತ್ತಿದ್ದರು. ಹಿಂದೆ ಪಾದ್ರಿಗಳ ಕಾಲದಲ್ಲಿ ಪ್ರಾಯಶ್ಚಿತ್ತಕ್ಕೆಂದು ಬೆನ್ನಿಗೆ ಹೊಡೆದುಕೊಳ್ಳುತ್ತಿದ್ದ ಹಗ್ಗದ ಕುಂಚ ಇಲ್ಲಿ ಕಾಯಿಲೆ, ಪೀಡೆ ನಿವಾರಿಸುವ ಸಾಧನವಾಯಿತು.

● ಅಮಾಕುಸಾದ ಸಾಕಿತ್ಸು ಮೀನುಗಾರರ ಊರು. ಅಲ್ಲಿ ಕಡಲ ಚಿಪ್ಪಿನಲ್ಲೇ ದೇವರಿದ್ದ. ಅಬಲೋನಿ ಎಂಬ ದೊಡ್ಡ ಚಿಪ್ಪಿನ ಒಳಮೈ ಹೊಳಪಿನಲ್ಲಿ ಮಾತೆ ಮರಿಯಮ್ಮನ ಆಕಾರ ಕಂಡು ಅದನ್ನೇ ಪೂಜಿಸಿದರು. ಊರ ಶಿಂತೋ ಗುಡಿಗೆ ಎಲ್ಲರಂತೆ ಹೋಗಿ ಕೈಮುಗಿಯುವಾಗಲೂ ಬಾಯಲ್ಲಿ ತಮ್ಮದೇ ಆಮೆನ್ ಹೇಳಿಕೊಳ್ಳುತ್ತಿದ್ದರು.

● ಸತ್ತಾಗ ಬೌದ್ಧ ಭಿಕ್ಷು ಬಂದು ಸೂತ್ರ ಪಠಿಸಲೇಬೇಕು, ಅದು ಕಾನೂನು. ಹಾಗೆ ಪಠಿಸುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಮನೆಯವರು ಸಣ್ಣ ದನಿಯಲ್ಲಿ ಇನ್ನೊಂದು ಪ್ರಾರ್ಥನೆ ಹೇಳುತ್ತಿದ್ದರು. ಸೂತ್ರದ ಪರಿಣಾಮ ಸತ್ತವರಿಗೆ ತಟ್ಟದಿರಲಿ ಎಂದು ಮಾಡುವ ಪ್ರಾರ್ಥನೆ ಅದು. ಸೂತ್ರವನ್ನು ಹಿಡಿದು ಅಳಿಸಿಹಾಕಲೆಂದೇ ಇಟ್ಟುಕೊಂಡಿದ್ದ ಗಡಿಗೆಯೂ ಅಮಾಕುಸಾದಲ್ಲಿ ಉಳಿದುಬಂದಿದೆ.

● ಪಾದ್ರಿ ಇಲ್ಲದ ಊರನ್ನು ಮೂವರು ನಡೆಸುತ್ತಿದ್ದರು. ಒಬ್ಬರು ಪಂಚಾಂಗ ನೋಡಿ ಹಬ್ಬ, ಉಪವಾಸಗಳ ದಿನ ಹೇಳುವವರು. ಇನ್ನೊಬ್ಬರು ಕೂಸಿಗೆ ಜ್ಞಾನಸ್ನಾನ ಕೊಡುವವರು. ಮೂರನೆಯವರು ಆ ಸುದ್ದಿಗಳನ್ನು ಮನೆಮನೆಗೆ ಗುಟ್ಟಾಗಿ ಮುಟ್ಟಿಸುವವರು. ಎಲ್ಲರೂ ಹೊಲಗದ್ದೆ, ಬಲೆ ದೋಣಿಗಳ ಜನ. ಪಂಚಾಂಗಕ್ಕೆ ಆಧಾರ 1634ರ ಕ್ರೈಸ್ತ ದಿನದರ್ಶಿ.

● ಜ್ಞಾನಸ್ನಾನದ ನೀರು ತರಲು ಇಕಿತ್ಸುಕಿಯವರು ನಾಕಾಎನೊಶಿಮಾ ಎಂಬ ಬರಡು ಬಂಡೆ ದ್ವೀಪಕ್ಕೆ ದೋಣಿಯಲ್ಲಿ ಹೋಗುತ್ತಾರೆ. 1622 ಮತ್ತು 1624ರಲ್ಲಿ ಕ್ರೈಸ್ತರನ್ನು ಕೊಂದ ಜಾಗ ಅದು. ಬಂಡೆಯ ಬಿರುಕಿನ ಮುಂದೆ ಕೂತು ಪ್ರಾರ್ಥನೆ ಹೇಳಿದರೆ ಎಂಥ ಬರಗಾಲದಲ್ಲೂ ನೀರು ಜಿನುಗುತ್ತದೆ, ಆ ನೀರು ಎಂದೂ ಕೆಡದು ಎಂಬುದು ಅವರ ನಂಬಿಕೆ.

● ಇಕಿತ್ಸುಕಿಯವರು ಅರ್ಥ ಗೊತ್ತಿಲ್ಲದೆಯೇ ರಾಗವಾಗಿ ಹಾಡುತ್ತ ಬಂದ ಒಂದು ಪ್ರಾರ್ಥನೆಯ ಮೂಲವನ್ನು ಸಂಗೀತ ವಿದ್ವಾಂಸ ಮಿನಾಗಾವಾ ತಾತ್ಸುಓ ಹುಡುಕಿ ಹೊರಟರು. ಸಿಕ್ಕಿದ್ದು ಸ್ಪೇನಿನ ಮ್ಯಾಡ್ರಿಡ್ ಗ್ರಂಥಾಲಯದ 16ನೇ ಶತಮಾನದ ಹಾಡುಪುಸ್ತಕದಲ್ಲಿ. ಅದು ಮಾತೆ ಮರಿಯಮ್ಮನ ಲ್ಯಾಟಿನ್ ಸ್ತುತಿ. ಅಚ್ಚಿನ ಪುಸ್ತಕ ಒಂದು ಮೂಲೆಯಲ್ಲಿ, ಮೀನುಗಾರರ ಗಂಟಲು ಭೂಮಿಯ ಇನ್ನೊಂದು ಮೂಲೆಯಲ್ಲಿ. ಎರಡೂ ಒಂದೇ ರಾಗವನ್ನು 400 ವರ್ಷ ಕಾದಿಟ್ಟಿದ್ದವು.

ಬಾಯಿಂದ ಬಾಯಿಗೆ

● ನಾಗಸಾಕಿ ಬಳಿಯ ಸೊತೊಮೆ ಕರಾವಳಿಯ ಕಥೆ ಇದು. ಸಾನ್ ಜಿವಾನ್ ಎಂಬ ಪರದೇಶಿ ಪಾದ್ರಿಗೆ ಬಾಸ್ತಿಯನ್ ಎಂಬ ಊರಿನವನೇ ಆದ ಶಿಷ್ಯನಿದ್ದ. ಪಂಚಾಂಗ ನೋಡುವ ಬಗೆ ಪೂರ್ತಿ ಕಲಿಯುವ ಮುನ್ನವೇ ಗುರು ಕಾಣೆಯಾದ. ಬಾಸ್ತಿಯನ್ 21 ದಿನ ಉಪವಾಸವಿದ್ದು ಮೊರೆಯಿಟ್ಟ. ಗುರು ಬಂದ, ಉಳಿದದ್ದನ್ನು ಕಲಿಸಿದ, ಬೀಳ್ಕೊಂಡು ಕಡಲ ಮೇಲೆ ನಡೆಯುತ್ತ ದೂರವಾದ. ಪಂಚಾಂಗ ಹೇಗೆ ತಮ್ಮ ಕೈಗೆ ಬಂತೆಂಬುದಕ್ಕೆ ಜನ ಕೊಡುವ ಉತ್ತರ ಈ ಕಥೆ.

● ಬಾಸ್ತಿಯನ್ ಬೆರಳಲ್ಲಿ ಒತ್ತಿ ಒಂದು ಕಮೀಲಿಯ ಮರದ ಕಾಂಡದ ಮೇಲೆ ಶಿಲುಬೆಯ ಗುರುತು ಮೂಡಿಸಿದನಂತೆ. ಜನ ಆ ಮರವನ್ನು ದೇವರ ಮರವೆಂದು ಕಂಡರು. 1856ರಲ್ಲಿ ಉರಾಕಾಮಿಯ ಗುಪ್ತ ಕ್ರೈಸ್ತರ ಧರಪಕಡಿಯ ವೇಳೆ ಅಧಿಕಾರಿಗಳು ಅದನ್ನು ಕಡಿಯುತ್ತಾರೆಂಬ ಸುದ್ದಿ ಹಬ್ಬಿತು. ಅವರ ಕೈಗೆ ಬೀಳುವುದು ಬೇಡವೆಂದು ಊರಿನವರೇ ಕಡಿದು, ಮನೆಮನೆಗೆ ಚಕ್ಕೆ ಹಂಚಿದರು. ಯಾರಾದರೂ ತೀರಿಕೊಂಡಾಗ ಆ ಚಕ್ಕೆಯ ಚೂರೊಂದನ್ನು ಶವಪೆಟ್ಟಿಗೆಯಲ್ಲಿ ಇಡುವ ರೂಢಿ ಬಂತು.

● ಸಾಯುವ ಮುನ್ನ ಬಾಸ್ತಿಯನ್ ಭವಿಷ್ಯ ನುಡಿದನೆಂದು ಹೇಳುತ್ತಾರೆ. ಏಳು ತಲೆಮಾರು ನಿಮ್ಮನ್ನು ನನ್ನ ಮಕ್ಕಳೆಂದು ಎಣಿಸುತ್ತೇನೆ. ಆಮೇಲೆ ದೊಡ್ಡ ಕಪ್ಪು ಹಡಗಿನಲ್ಲಿ ಪಾದ್ರಿಗಳು ಬರುತ್ತಾರೆ. ವಾರವಾರವೂ ಪಾಪನಿವೇದನೆ ಮಾಡಬಹುದು. ಎಲ್ಲಿ ಬೇಕಾದರಲ್ಲಿ ದೇವರ ಹಾಡು ಹಾಡಬಹುದು. ದಾರಿಯಲ್ಲಿ ಅನ್ಯರು ನಿಮಗೆ ಎಡೆ ಬಿಡುತ್ತಾರೆ. ಇದು ಅದರ ಸಾರ. ಅಜ್ಜಿಯರು ಮೊಮ್ಮಕ್ಕಳಿಗೆ ಇದನ್ನೇ ಹೇಳಿ, ಎಷ್ಟನೆಯ ತಲೆಮಾರೆಂದು ಎಣಿಸುತ್ತ ಬಂದರು.

● ಬೈಬಲ್ ಇಲ್ಲದ ಜನ ತಮ್ಮದೇ ಬೈಬಲ್ ಕಟ್ಟಿದರು. ‘ತೆಂಚಿ ಹಾಜಿಮಾರಿ ನೊ ಕೊತೊ’, ಅಂದರೆ ಭೂಮ್ಯಾಕಾಶಗಳ ಆರಂಭದ ಕಥೆ. 19ನೇ ಶತಮಾನದ ಹಸ್ತಪ್ರತಿಗಳು ಸಿಕ್ಕಿವೆ. ಅದರಲ್ಲಿ ಮರಿಯ ಲುಜಾನ್ ದೇಶದ ಬಡ ಹುಡುಗಿ. ಅಲ್ಲಿನ ರಾಜ ಮದುವೆಗೆ ಒತ್ತಾಯಿಸಿದಾಗ ಅವಳು ಪ್ರಾರ್ಥಿಸಿ ಬೇಸಿಗೆಯಲ್ಲೇ ಹಿಮ ಸುರಿಸುತ್ತಾಳೆ. ಎಲ್ಲರೂ ಬೆಪ್ಪಾಗಿ ನಿಂತಾಗ ಹೂವಿನ ರಥವೇರಿ ಸ್ವರ್ಗಕ್ಕೆ ಹೋಗಿಬಿಡುತ್ತಾಳೆ.

● ಅದೇ ಕಥೆಯಲ್ಲಿ ಮುಂದೆ ಭೂಮಿಗೆ ಮರಳಿ ತಾಯಿಯಾದ ಮರಿಯಮ್ಮ ಮಗುವನ್ನೆತ್ತಿಕೊಂಡು ಓಡುವಾಗ ಗೋಧಿ ಬಿತ್ತುವ ರೈತರನ್ನು ಬೇಡುತ್ತಾಳೆ. ಬೆನ್ನಟ್ಟಿ ಬಂದವರು ಕೇಳಿದರೆ, ನಾವು ಬಿತ್ತುವ ಹೊತ್ತಿನಲ್ಲಿ ಹಾದುಹೋದಳು ಎನ್ನಿ, ಎಂದು. ನಕ್ಕು ಹಂಗಿಸಿದವರ ಹೊಲ ಬರಡಾಯಿತು. ಒಪ್ಪಿದವರ ಹೊಲದಲ್ಲಿ ಗೋಧಿ ಆ ಕ್ಷಣವೇ ತೆನೆಗಟ್ಟಿ ಹಣ್ಣಾಯಿತು. ಬಂದ ಸೈನಿಕರಿಗೆ ರೈತರು ನಿಜವನ್ನೇ ಹೇಳಿದರು; ಬಿತ್ತಿ ತಿಂಗಳುಗಳೇ ಆಗಿವೆಯೆಂದು ಸೈನಿಕರು ಹಿಂದಿರುಗಿದರು. ಅಡಗಿದವರನ್ನು ಹಿಡಿದುಕೊಡದ ನೆರೆಯವನೇ ಇಲ್ಲಿ ಪುಣ್ಯವಂತ. ಇನಾಮಿನ ಹಲಗೆಗಳಿಗೆ ಹಳ್ಳಿ ಕೊಟ್ಟ ಉತ್ತರ ಇದು.

● ಅಲ್ಲಿ ನೋಹನ ಪ್ರಳಯಕ್ಕೂ ಊರಿನದೇ ಮುನ್ಸೂಚನೆ. ದೇಗುಲದ ಬಾಗಿಲಲ್ಲಿರುವ ಸಿಂಹನಾಯಿಯ ಕಣ್ಣು ಕೆಂಪಾದ ದಿನ ಕಡಲು ಉಕ್ಕುತ್ತದೆ ಎಂದು ದೇವವಾಣಿ. ತುಂಟ ಹುಡುಗರು ಅದಕ್ಕೆ ಕೆಂಪು ಬಣ್ಣ ಬಳಿದರು, ಕಡಲು ಉಕ್ಕಿಯೇ ಬಿಟ್ಟಿತು! ಯೇಸುವಿಗೆ ಮರಣದಂಡನೆ ವಿಧಿಸಿದ ಪೊಂತಿಯುಸ್ ಪಿಲಾತ ಈ ಕಥೆಯಲ್ಲಿ ಒಬ್ಬನಲ್ಲ. ಪೊನ್ಶಾ, ಪಿರೊತೊ ಎಂಬ ಇಬ್ಬರು ಸೇವಕರು. ಇದನ್ನು ತಪ್ಪೆಂದು ಕೆಲವು ಪಂಡಿತರು ಬದಿಗಿಡಬಹುದು. ಬರೆದಿಡಲೂ ಅಂಜುತ್ತಿದ್ದ ಕಾಲದಲ್ಲಿ ಕಥೆ ಉಳಿದದ್ದೇ ಹೀಗೆ ಊರಿನ ಬಣ್ಣ ಹಚ್ಚಿಕೊಂಡಿದ್ದರಿಂದ ಎಂಬುದು ನನ್ನ ದೃಢ ನಂಬಿಕೆ.

● ಇಕಿತ್ಸುಕಿಯ ತುದಿಯಲ್ಲಿ ಜೊಂಡು ಬೆಳೆದ ಒಂದು ಕಡಲದಂಡೆ ಇದೆ. ಗಂಡ, ಹೆಂಡತಿ, ಪುಟ್ಟ ಮಗ ಆ ಜೊಂಡಿನೊಳಗೆ ಅಡಗಿದ್ದರು. ಮಗು ಜೊಂಡಿನಿಂದ ಹೊರಬಂದಾಗ ಕಡಲಲ್ಲಿ ಹೋಗುತ್ತಿದ್ದ ಅಧಿಕಾರಿಗಳ ದೋಣಿಯ ಕಣ್ಣಿಗೆ ಬಿತ್ತು. ಮೂವರನ್ನೂ ಅಲ್ಲೇ ಕೊಂದರು. ಆ ಜಾಗದ ಹೆಸರು ದಂಜಿಕು ಸಾಮಾ, ಜೊಂಡಿನ ಸ್ವಾಮಿ. ಪ್ರತಿ ಜನವರಿ 16ರಂದು ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ದೋಣಿಯಲ್ಲಿ ಹೋಗುವುದು ಸುಲಭ, ಆದರೂ ಯಾರೂ ಹೋಗುವುದಿಲ್ಲ. ಕೊಲ್ಲುವವರು ಬಂದದ್ದು ಕಡಲಿನಿಂದ; ಆದ್ದರಿಂದ ಭಕ್ತರು ಹೋಗಬೇಕಾದದ್ದು ನೆಲದ ದಾರಿಯಲ್ಲೇ, ಕಡಿದಾದ ಇಳಿಜಾರಿನಲ್ಲಿ.

● ಕ್ರೈಸ್ತ ಪಾದ್ರಿಯೊಬ್ಬರಿಗೆ ಶಿಂತೋ ಗುಡಿ! ಸೊತೊಮೆಯ ಕಾಡಿನಲ್ಲಿರುವ ಕರೆಮಾತ್ಸು ಗುಡಿಯಲ್ಲಿ ನೆಲೆನಿಂತಿರುವುದು ಸಾನ್ ಜಿವಾನ್. ಹತ್ತಿರದಲ್ಲೇ ಪ್ರಾರ್ಥನೆಯ ಬಂಡೆ ಎಂಬ ದೊಡ್ಡ ಕಲ್ಲಿದೆ. ಈಸ್ಟರ್‌ಗೆ ಮುನ್ನಿನ ತಪಸ್ಸುಕಾಲದ ರಾತ್ರಿಗಳಲ್ಲಿ ಆ ಬಂಡೆಯ ಮರೆಯಲ್ಲಿ ಕೂತು ಹಿರಿಯರು ಕಿರಿಯರಿಗೆ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು.

● ಕೇಳಿದ್ದೆಲ್ಲವೂ ನಿಜವಲ್ಲ ಎಂಬುದನ್ನೂ ಹೇಳಬೇಕು. ಜಪಾನಿನ ತೋಟಗಳಲ್ಲಿ ಕಾಣುವ ಒರಿಬೆ ಎಂಬ ಕಲ್ಲಿನ ದೀಪಸ್ತಂಭಗಳಲ್ಲಿ ಕೆತ್ತಿರುವ ಮನುಷ್ಯಾಕೃತಿ ಸಂತರದು, ಇವು ಗುಪ್ತ ಕ್ರೈಸ್ತರ ದೀಪಗಳು ಎಂದು ಪ್ರವಾಸಿಗರಿಗೆ ಹೇಳುವುದುಂಟು. ಇದಕ್ಕೆ ಗಟ್ಟಿ ಆಧಾರವಿಲ್ಲವೆಂದು ಅನೇಕ ವಿದ್ವಾಂಸರು ತಿಳಿಸಿದ್ದಾರೆ.

ಗುಟ್ಟು ಬಯಲಾದಾಗ

● 1805ರಲ್ಲಿ ಅಮಾಕುಸಾದ ನಾಲ್ಕು ಹಳ್ಳಿಗಳಲ್ಲಿ 5,000ಕ್ಕೂ ಹೆಚ್ಚು ಮಂದಿ ಸಿಕ್ಕಿಬಿದ್ದರು. ಇಷ್ಟು ಜನರನ್ನು ಕೊಂದರೆ ಉಳುವವರಾರು, ತೆರಿಗೆ ಕಟ್ಟುವವರಾರು? ಇವರು ಕ್ರೈಸ್ತರಲ್ಲ, ಹಿರಿಯರ ವಿಚಿತ್ರ ಆಚಾರವೊಂದನ್ನು ತಿಳಿಯದೆ ಪಾಲಿಸಿದವರು ಎಂದು ಬರೆದುಕೊಂಡು, ಇನ್ನು ಮುಂದೆ ಮಾಡೆವು ಎಂದು ಒಪ್ಪಿಸಿ ಬಿಟ್ಟರು. ಜನ ಮನೆಗೆ ಹೋಗಿ ಮತ್ತೆ ಪ್ರಾರ್ಥಿಸಿದರು.

● 1865ರ ಮಾರ್ಚ್ 17. ನಾಗಸಾಕಿಯಲ್ಲಿ ವಿದೇಶಿಯರಿಗಾಗಿ ಕಟ್ಟಿದ ಓಉರಾ ಚರ್ಚ್ ಹೊಚ್ಚಹೊಸದು. ಉರಾಕಾಮಿಯ ಹತ್ತು ಹದಿನೈದು ಮಂದಿ ಕಟ್ಟಡ ನೋಡುವವರಂತೆ ಒಳಬಂದರು. ಫ್ರೆಂಚ್ ಪಾದ್ರಿ ಪೆತಿಜಾನ್ ಮೊಣಕಾಲೂರಿದ್ದರು. ಒಬ್ಬ ಹೆಂಗಸು ಹತ್ತಿರ ಬಂದು, ಎದೆಯ ಮೇಲೆ ಕೈಯಿಟ್ಟು, ನಮ್ಮೆಲ್ಲರ ಮನಸ್ಸೂ ನಿಮ್ಮ ಮನಸ್ಸಿನಂತೆಯೇ ಎಂದು ಪಿಸುಗುಟ್ಟಿದಳು. ಮರುಕ್ಷಣ ಕೇಳಿದ್ದು, ಸಾಂತಾ ಮರಿಯಳ ಮೂರ್ತಿ ಎಲ್ಲಿ ಎಂದು. ಮಾತಿನ ನಡುವೆ ಅವರು ಇನ್ನೊಂದು ಸಂಗತಿ ತಿಳಿಸಿದರು: ಇಂದು ನಮಗೆ ದುಃಖದ ಕಾಲದ 17ನೇ ದಿನ. ದುಃಖದ ಕಾಲವೆಂದರೆ ತಪಸ್ಸುಕಾಲ. ಆ ವರ್ಷ ಅದು ರೋಮ್‌ನ ಲೆಕ್ಕದಲ್ಲಿ ಶುರುವಾಗಿದ್ದು ಮಾರ್ಚ್ 1ರಂದು. ಹಳ್ಳಿಯ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ!

● ಈ ಸಂತೋಷ ಬಹಳ ದಿನ ಬಾಳಲಿಲ್ಲ. ಸತ್ತವರಿಗೆ ಬೌದ್ಧ ಸಂಸ್ಕಾರ ಬೇಡವೆಂದು ಉರಾಕಾಮಿ ಜನ ಬಹಿರಂಗವಾಗಿ ನಿಂತಾಗ 1867ರಲ್ಲಿ ಬಂಧನ ಶುರುವಾಯಿತು. ತೊಕುಗಾವಾ ಆಳ್ವಿಕೆ ಬಿದ್ದು ಬಂದ ಹೊಸ ಮೇಜಿ ಸರ್ಕಾರವೂ ಬಿಡಲಿಲ್ಲ. ಸುಮಾರು 3,400 ಮಂದಿಯನ್ನು ದೇಶದ ನಾನಾ ಮೂಲೆಗೆ ಗಡೀಪಾರು ಮಾಡಿದರು, 600ಕ್ಕೂ ಹೆಚ್ಚು ಮಂದಿ ಸತ್ತರು. ಗಡೀಪಾರಿನ ಊರುಗಳಲ್ಲೊಂದಾದ ತ್ಸುವಾನೊದಲ್ಲಿ ಹಿಮ ಕಟ್ಟಿದ ಕೊಳಕ್ಕೆ ಇಳಿಸಿದರು, ಮೂರಡಿಯ ಪಂಜರದಲ್ಲಿ ಕೂಡಿಟ್ಟರು. ಪಂಜರದಲ್ಲಿದ್ದ ಯಾಸುತಾರೊ ಎಂಬಾತ, ರಾತ್ರಿಯಾದರೆ ನೀಲಿ ಬಟ್ಟೆಯ ತಾಯಿಯೊಬ್ಬಳು ಬಂದು ಸಂತೈಸುತ್ತಾಳೆ, ನಾನು ಒಂಟಿಯಲ್ಲ ಎಂದಿದ್ದನಂತೆ. ಅಲ್ಲೀಗ ಪ್ರತಿ ಮೇ 3ರಂದು ಮಾತೆ ಮರಿಯಮ್ಮನ ಹಬ್ಬ ನಡೆಯುತ್ತದೆ.

● ಗೊತೊ ದ್ವೀಪಗಳಲ್ಲೊಂದಾದ ಹಿಸಾಕಾದಲ್ಲಿ 1868ರಲ್ಲಿ ಸುಮಾರು 200 ಮಂದಿಯನ್ನು 20 ಚದರ ಮೀಟರಿನ ಒಂದು ಮನೆಯೊಳಗೆ ತುಂಬಿದರು. ಕೂರಲೂ ಜಾಗವಿಲ್ಲ. ಎಂಟು ತಿಂಗಳ ಆ ಸೆರೆ 42 ಜನರ ಪ್ರಾಣ ತೆಗೆಯಿತು.

● ವಿದೇಶಗಳಲ್ಲಿ ಪ್ರತಿಭಟನೆ ಜೋರಾಗಿ, 1873ರ ಫೆಬ್ರವರಿ 24ರಂದು ನಿಷೇಧದ ಹಲಗೆಗಳನ್ನು ಕಿತ್ತರು. ಗಡೀಪಾರಿನಿಂದ ಮರಳಿದ ಉರಾಕಾಮಿ ಜನ ಮುಂದೆ ಯಾವ ಜಾಗ ಕೊಂಡರು ಗೊತ್ತೇ? ಪ್ರತಿವರ್ಷ ತಮ್ಮಿಂದ ಬಿಂಬ ತುಳಿಸುತ್ತಿದ್ದ ಪಟೇಲನ ಮನೆಯ ಜಾಗ! ಅಲ್ಲೇ ತಮ್ಮ ದೊಡ್ಡ ಚರ್ಚ್ ಕಟ್ಟಿದರು. ಸಾಕಿತ್ಸುವಿನಲ್ಲೂ ಹಾಗೆಯೇ: 1934ರ ಚರ್ಚಿನ ಬಲಿಪೀಠ ಇರುವುದು ಹಿಂದೆ ಬಿಂಬ ತುಳಿಸುತ್ತಿದ್ದ ಸ್ಥಳದಲ್ಲಿ.

● ಆ ಉರಾಕಾಮಿ ಚರ್ಚಿನಿಂದ ಸುಮಾರು 500 ಮೀಟರ್ ದೂರದಲ್ಲೇ 1945ರ ಆಗಸ್ಟ್ 9ರಂದು ಅಣುಬಾಂಬ್ ಸಿಡಿಯಿತು. ಅಲ್ಲಿನ 12,000 ಕ್ಯಾಥೋಲಿಕರಲ್ಲಿ ಸುಮಾರು 8,500 ಮಂದಿ ಸತ್ತರು. ಅವಶೇಷದಡಿ ಒಂದು ಗಂಟೆ ಒಡೆಯದೆ ಸಿಕ್ಕಿತು. ಅದೇ ವರ್ಷದ ಕ್ರಿಸ್‌ಮಸ್‌ಗೆ ಅದನ್ನು ಬಾರಿಸಿದರು.

● ನಾಗಸಾಕಿ ದ್ವೀಪಗಳ ಹತ್ತಾರು ಸುಂದರ ಚರ್ಚುಗಳನ್ನು ಕಟ್ಟಿದ ಬಡಗಿ ತೆತ್ಸುಕಾವಾ ಯೊಸುಕೆ ಕೊನೆಯವರೆಗೂ ಬೌದ್ಧರಾಗಿಯೇ ಬಾಳಿದವರು. 1919ರಲ್ಲಿ ಮುಗಿದ ಕಾಶಿರಾಗಾಶಿಮಾದ ಕಲ್ಲಿನ ಚರ್ಚ್ ಅವರದೇ ಕೆಲಸ.

● ನಿಷೇಧ ಹೋದ ಮೇಲೂ ಎಲ್ಲರೂ ಕ್ಯಾಥೋಲಿಕ್ ಧರ್ಮಸಭೆಗೆ ಮರಳಲಿಲ್ಲ. ನಮ್ಮ ಹಿರಿಯರು ಪ್ರಾಣ ಒತ್ತೆಯಿಟ್ಟು ಕಾಯ್ದ ಪದ್ಧತಿಯೇ ನಮಗೆ ಸಾಕು ಎಂದು ಇಕಿತ್ಸುಕಿಯ ಬಹುಪಾಲು ಜನ ಹಾಗೆಯೇ ಉಳಿದರು. ಅವರನ್ನು ದಾರಿ ತಪ್ಪಿದವರೆನ್ನುವುದು ನ್ಯಾಯವಲ್ಲ. ದಾರಿಯೇ ಮುಚ್ಚಿದ್ದಾಗ ದಾರಿ ಮಾಡಿಕೊಂಡವರು ಅವರು.

● 2018ರಲ್ಲಿ ನಾಗಸಾಕಿ ಸೀಮೆಯ ಗುಪ್ತ ಕ್ರೈಸ್ತರ 12 ತಾಣಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಹಾರಾ ಕೋಟೆ, ಸಾಕಿತ್ಸು, ನಾಕಾಎನೊಶಿಮಾ, ಓಉರಾ ಎಲ್ಲವೂ ಅದರಲ್ಲಿವೆ. ಆದರೆ ಕಲ್ಲು, ಕಟ್ಟಡಗಳನ್ನು ಪಟ್ಟಿ ಕಾಪಾಡೀತು, ಬಾಯಿಪಾಠವನ್ನು ಕಾಪಾಡಲಾರದು. ಮಕ್ಕಳು ಕೆಲಸ ಹುಡುಕಿ ಪಟ್ಟಣ ಸೇರಿದ್ದಾರೆ, ಪ್ರಾರ್ಥನೆ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ, ಗುಂಪುಗಳು ಒಂದೊಂದಾಗಿ ವಿಸರ್ಜನೆಯಾಗುತ್ತಿವೆ. 250 ವರ್ಷಗಳ ಕತ್ತಿ, ಗುಂಡಿ, ಪಂಜರಗಳಿಂದ ಸಾಯದಿದ್ದ ಪ್ರಾರ್ಥನೆ ಕೇಳುವ ಮಕ್ಕಳಿಲ್ಲದೆ ಸಾಯಬಹುದು. ಇಕಿತ್ಸುಕಿಯ ‘ಶಿಮಾ ನೊ ಯಾಕಾತಾ’ ವಸ್ತುಸಂಗ್ರಹಾಲಯ ಈ ಪರಂಪರೆಯ ವಸ್ತುಗಳನ್ನೂ ದನಿಯನ್ನೂ ಕೂಡಿಡುವ ಕೆಲಸ ಮಾಡುತ್ತಿದೆ. ನಾಗಸಾಕಿಗೆ ಹೋಗುವ ಕನ್ನಡಿಗರು ಅಣುಬಾಂಬಿನ ನೆನಪಿನ ಶಾಂತಿವನವನ್ನಷ್ಟೇ ನೋಡಿ ಹಿಂದಿರುಗದೆ, ಆ ದ್ವೀಪಕ್ಕೂ ಒಂದು ದಿನ ಎತ್ತಿಡಲಿ.